ಬಿಸ್ಕತ್ತು ತಿನ್ನದ ಪಂಪು

ಆಣೆಗೂ ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಕಟ್ಟಿದ ಕತೆಯಾಗಿದ್ದರೆ ಇಷ್ಟು ಕೆಟ್ಟದಾಗಿ ಮುಗಿಯುತ್ತಿರಲಿಲ್ಲ.

ವಿಜ್ಞಾನದ ಮೇಡಂಗೆ ಆರು ವರ್ಷವಾದರೂ ಕೆಲಸ ಕಾಯಂ ಆಗಿರಲಿಲ್ಲ. ಇವತ್ತು ಶಿಕ್ಷಣ ಇಲಾಖೆಯ ಸಾಹೇಬರು ಬಂದು ಪಾಠ ನೋಡಿ ಸಹಿ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಅವಳು ತರಗತಿಯನ್ನೇ ಜೀವಕೋಶ ಮಾಡಿದ್ದಳು. ಬಿಳಿ ಟೋಪಿಯ ಮಕ್ಕಳು ಸೋಡಿಯಂ, ಹಳದಿಯವರು ಪೊಟ್ಯಾಸಿಯಂ. ಒಳಗೆ ಹಳದಿ ತುಂಬಿರಬೇಕು, ಹೊರಗೆ ಬಿಳಿ. ಆದರೆ ಸರಳಿಲ್ಲದ ಕಿಟಕಿಗಳು ಸೋರುತ್ತವೆ: ಬಿಳಿ ಒಳಗೆ ನುಸುಳುತ್ತದೆ, ಹಳದಿ ಹೊರಗೆ ಜಾರುತ್ತದೆ. ಆದ್ದರಿಂದ ಬಾಗಿಲಲ್ಲಿ ಒಂದು ಪಂಪು, ಅಂದರೆ ಶಾಲೆಯ ವಾಚ್‌ಮನ್. ಒಂದೊಂದು ಸುತ್ತಿನಲ್ಲಿ ಮೂರು ಬಿಳಿ ಆಚೆ, ಎರಡು ಹಳದಿ ಈಚೆ. ಪಂಪು ಪುಕ್ಕಟೆ ದುಡಿಯುವುದಿಲ್ಲ, ಪ್ರತಿ ಸುತ್ತಿಗೂ ಶಕ್ತಿ ಸುಡಬೇಕು. ಶಕ್ತಿ ಎಂದರೆ ಒಂದು ಬಿಸ್ಕತ್ತು.

"ತಿನ್ನದೆ ಬಾಗಿಲು ತೆಗೆದ್ರೆ ನನ್ನ ಮೇಲಾಣೆ, ಅಣ್ಣಾ," ಎಂದಿದ್ದಳು. ಮೂರು ದಿನದ ತಾಲೀಮಿನಲ್ಲಿ ವಾಚ್‌ಮನ್ ನೂರಾ ಹನ್ನೆರಡು ಬಿಸ್ಕತ್ತು ಮುಗಿಸಿದ್ದ.

ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತು ಪೆನ್ನಿನ ಮುಚ್ಚಳ ತೆಗೆದರು. ಶುರು ಮಾಡಿ ಎಂದು ಮೇಡಂ ಚಪ್ಪಾಳೆ ತಟ್ಟಿದಳು. ವಾಚ್‌ಮನ್ ಕೈಕಟ್ಟಿ ನಿಂತೇ ಇದ್ದ.

"ಅಣ್ಣಾ, ತೆಗೀರಿ!"

"ಆಗಲ್ಲ ಮೇಡಂ. ನಿನ್ನೆ ಡಾಕ್ಟ್ರು ನನ್ನ ಶುಗರ್ ನೋಡಿ ಬೆಚ್ಚಿಬಿದ್ರು. ಇನ್ಮೇಲೆ ಬಿಸ್ಕತ್ತು ಮುಟ್ಟೋ ಹಾಗಿಲ್ಲ."

"ತಿಂದ ಹಾಗೆ ಮಾಡಿ ಸಾಕು!"

"ಅಂಥ ನಾಟಕ ನಮ್ಮ ವಂಶದಲ್ಲೇ ಇಲ್ಲ. ಆಣೆ ಹಾಕಿದೋರು ನೀವೇ ತಾನೆ?"

"ಆಣೆ ವಾಪಸ್ ತಗೊಂಡೆ!"

"ಆಣೆ ಏನು ಛತ್ರೀನಾ, ಕೊಟ್ಟು ವಾಪಸ್ ಇಸ್ಕೊಳ್ಳೋಕೆ?"

ಮೇಡಂಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ತಾನೇ ಅಗುಳಿ ಎಳೆಯಹೋದಳು. ಅವನು ಅದಕ್ಕೆ ಬೆನ್ನು ಕೊಟ್ಟು ನಿಂತ. ಮಕ್ಕಳು ಮಾತ್ರ ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದರು. ಕಿಟಕಿಯಿಂದ ಬಿಳಿ ಒಳಗೆ ಧುಮುಕಿತು, ಹಳದಿ ಹೊರಗೆ ಹಾರಿತು. "ನಿಲ್ಲಿ ಕೋತಿಗಳಾ!" ಎಂದರೆ, "ನಾವು ಸೋರ್ತಾ ಇದೀವಿ ಮಿಸ್!" ಎಂದವು. ಐದೇ ನಿಮಿಷಕ್ಕೆ ಒಳಗೆ ಹತ್ತು ಬಿಳಿ, ಹತ್ತು ಹಳದಿ, ಹೊರಗೂ ಅಷ್ಟೇ.

ಸಾಹೇಬರು ಬೆರಳು ಮಡಚಿ ಎಣಿಸಿದರು. "ಎರಡೂ ಕಡೆ ಒಂದೇ ಇದೆಯಲ್ಲಮ್ಮಾ. ಏನಿದು?"

"ಸತ್ತ ಜೀವಕೋಶ, ಸಾರ್."

ಆರು ವರ್ಷದಲ್ಲಿ ಅವಳು ಕೊಟ್ಟ ಅತಿ ಸರಿಯಾದ ಉತ್ತರ ಅದು. ಸಾಹೇಬರು "ಕೋಶ ಸತ್ತಿದೆ" ಎಂದು ಬರೆದುಕೊಂಡು, ಸಹಿ ಹಾಕದೆ ಪೆನ್ನು ಮುಚ್ಚಿ, ಬಾಗಿಲಿಗೆ ಬಂದರು.

"ಬಿಸ್ಕತ್ತು ತಿನ್ನದೆ ತೆಗಿಯಲ್ಲ ಸಾರ್," ಎಂದ ವಾಚ್‌ಮನ್.

ಸಾಹೇಬರು ಪ್ಯಾಂಟು ಮೇಲೆತ್ತಿಕೊಂಡು ಕಿಟಕಿ ಹತ್ತಿ ಆಚೆ ಧುಮುಕಿದರು. ಮೇಡಂ ಹಿಂದೆಯೇ ಓಡಿ ಅದೇ ಕಿಟಕಿಯಿಂದ ಅರ್ಧ ಮೈ ಆಚೆ ಚಾಚಿದಳು.

"ಸಾರ್, ಒಂದೇ ನಿಮಿಷ! ಪಂಪು ನಿಂತ್ರೆ ಏನಾಗುತ್ತೆ ಅಂತ ಇದಕ್ಕಿಂತ ಚೆನ್ನಾಗಿ ಯಾರು ಸಾರ್ ತೋರಿಸ್ತಾರೆ? ಮೂರು ಹೊರಗೆ, ಎರಡು ಒಳಗೆ, ಅದಕ್ಕೆ ಒಂದು, ಒಂದೇ ಒಂದು ಸಹಿ ಸಾರ್—"