ಕುಂದಾದ ಬಲದಿಂದ ಹಾರಿದ ವಿಮಾನಗಳು

ನಮ್ಮ ವಾಯುಪಡೆ ಗಡಿಯಾಚೆ ಎರಗಿತಲ್ಲ, ಆ ಮೊದಲ ರಾತ್ರಿ ವಿಮಾನಗಳು ಎಣ್ಣೆಯಿಂದ ಹಾರಿದವು ಎಂದು ನೀವು ತಿಳಿದಿದ್ದರೆ ನಿಮಗೆ ಅರ್ಧ ಸುದ್ದಿಯಷ್ಟೇ ಮುಟ್ಟಿದೆ. ಅವು ಹಾರಿದ್ದು ನಮ್ಮ ಅಕ್ಕ ಶಿವಬಸವ್ವ ಖಾನಾಪುರದಲ್ಲಿ ಹಾಲು ಕಾಸಿ ಕಾಸಿ ಮಾಡಿದ ಒಂದು ಡಬ್ಬಿ ಕುಂದಾದ ಬಲದಿಂದ. ಅದನ್ನು ವಾಯುನೆಲೆಗೆ ಮುಟ್ಟಿಸಿದವನು ಬೆಳಗಾವಿ ಕೋಟೆಯ ಬಾಜು ಮಿಕ್ಸರ್ ರಿಪೇರಿ ಮಾಡುವ ಈ ಸಿದರಾಯ. ಪೈಲಟ್ ಒಂದು ತುಂಡು ಬಾಯಿಗಿಟ್ಟದ್ದೇ ತಡ, ವಿಮಾನ ನಿಂತಲ್ಲಿಂದಲೇ ಎದ್ದಿತು. ರನ್‌ವೇ ದಂಡವಾಯಿತು.

ನಗಬೇಡಿ. ಮರುದಿನ ಬೆಳಿಗ್ಗೆ ಖಾನಾಪುರದ ಒಂದು ಇಡೀ ಓಣಿ ಇದನ್ನು ನಂಬಿತ್ತು.

ಅಕ್ಕನ ಒಬ್ಬನೇ ಮಗ ಕಲ್ಮೇಶ ಉತ್ತರದ ಒಂದು ವಾಯುನೆಲೆಯಲ್ಲಿ ವಿಮಾನಗಳಿಗೆ ಎಣ್ಣೆ ತುಂಬುವ ಕೆಲಸದಲ್ಲಿದ್ದಾನೆ. ಟಿವಿಯಲ್ಲಿ ದಾಳಿಯ ಸುದ್ದಿ ನೋಡಿದವನೇ ನಾನು ಸ್ಕೂಟರ್ ಹತ್ತಿದೆ. ಹನ್ನೊಂದು ನಿಮಿಷಕ್ಕೆ ಖಾನಾಪುರ! ನನ್ನ ಹಾರ್ನಿನ ಸದ್ದು ಇನ್ನೂ ದಾರಿಯ ಮಚ್ಛೆಯಲ್ಲೇ ಇತ್ತು.

ಅಕ್ಕ ಫೋನನ್ನು ಉಡಿಯಲ್ಲಿಟ್ಟುಕೊಂಡು ಪಡಸಾಲೆಯಲ್ಲಿ ಕುಳಿತಿದ್ದಳು. ಒಲೆ ಹೊತ್ತಿರಲಿಲ್ಲ. ಮೂರು ದಿನದಿಂದ ಮಗನ ಫೋನ್ ಬಂದ್. ಸಕ್ಕರೆ ಕಾಯಿಲೆಯವಳು, ನಿನ್ನೆಯಿಂದ ಅನ್ನವನ್ನೂ ಮುಟ್ಟಿರಲಿಲ್ಲ, ಗುಳಿಗೆಯನ್ನೂ ನುಂಗಿರಲಿಲ್ಲ. ಎದುರು ಮನೆಯ ದಿಗಂಬರ ಕಾಕಾ, ಹವಾಲ್ದಾರರಾಗಿ ನಿವೃತ್ತರಾದವರು, ಹೇಳಿ ಹೇಳಿ ಸೋತಿದ್ದರು.

“ಅವನ ಸುದ್ದಿ ತಿಳಿಯೂತನಕ ನಂಗ ನೀರೂ ಇಳಿಯಂಗಿಲ್ಲ,” ಎಂದಳು.

ನನ್ನ ಬಾಯಿ ಯಾವತ್ತೂ ನನ್ನನ್ನು ಕೇಳಿ ತೆರೆದದ್ದಿಲ್ಲ.

“ಸುದ್ದಿ ನಾ ತಂದೇನಲ್ಲ ಅಕ್ಕಾ! ಮುಂಜಾನೆ ಐದಕ್ಕ ನನಗ ಫೋನ್ ಹಚ್ಚಿದ್ದ. ಆರಾಮ ಅದಾನ!”

“ಖರೇನ? ನನಗ್ಯಾಕ ಹಚ್ಚಲಿಲ್ಲ?”

“ನೀ ಅಳ್ತಿ ಅಂತ.”

ಕಾಕಾ ಹುಬ್ಬೇರಿಸಿದರು. “ಇಂಥಾ ಹೊತ್ತಿನ್ಯಾಗ ಫೋನ್ ಮಾಡಾಕ ಬಿಡ್ತಾರೇನೋ ಸಿದರಾಯಾ?”

“ಬ್ಯಾರೇದವರಿಗೆ ಬಿಡಂಗಿಲ್ಲ ಕಾಕಾ. ಅಕ್ಕನ ಕುಂದಾ ತಿಂದ ದೊಡ್ಡ ಸಾಹೇಬ್ರು ತಮ್ಮ ಫೋನ್ ತಾವೇ ಕೊಟ್ಟಾರ. ‘ತಗೋ ಕಲ್ಮೇಶ, ಮೊದಲ ನಿಮ್ಮ ಮಾಮಾಗ ಹೇಳು’ ಅಂದ್ರಂತ.”

ಕಾಕಾ ಇನ್ನೇನೋ ಕೇಳುವವರಿದ್ದರು. ಅಷ್ಟರಲ್ಲಿ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಗುಳಿಗೆಯ ಡಬ್ಬಿಗೆ ಕೈ ಹಾಕಿದಳು. ಪಕ್ಕದ ಮನೆಯ ಪ್ರಮಿಳಾ ವೈನಿ ಬಿಸಿ ರೊಟ್ಟಿ ತಂದರು. ಅಕ್ಕ ರೊಟ್ಟಿ ಮುರಿದಳು. ಕಾಕಾ ಸುಮ್ಮನಾದರು.

ಆಮೇಲೆ ನೋಡಿ ಮಜಾ. ಮನೆಯ ಮುಂದೆ ಓಣಿಯೇ ನೆರೆಯಿತು. ಕನ್ನಡದವರು, ಮರಾಠಿಯವರು ಎಲ್ಲರೂ. ನಾನು ಕಟ್ಟೆ ಹತ್ತಿದೆ. ಒಂದು ತುಂಡು ತಿಂದ ಪೈಲಟ್ ಎರಡು ಗುರಿ ಹೊಡೆದ, ಎರಡು ತುಂಡು ತಿಂದವನು ಐದು. ಡಬ್ಬಿಗೆ ಅಂಟಿದ್ದನ್ನು ಕೆರೆದು ತಿಂದವನಂತೂ ವಿಮಾನದಿಂದ ಇಳಿಯಲು ಒಪ್ಪಲೇ ಇಲ್ಲ. ಯಾರೋ ಹಾರ ತಂದರು. ನಾನು ಬೇಡವೆನ್ನಲಿಲ್ಲ, ಕೊರಳು ಮುಂದೆ ಮಾಡಿದೆ.

ಹನ್ನೆರಡಕ್ಕೆ ಅಕ್ಕನ ಫೋನ್ ರಿಂಗಾಯಿತು. ಯಾರೋ ಸ್ಪೀಕರ್ ಒತ್ತಿದರು.

“ಅವ್ವಾ, ನಾ ಆರಾಮದೀನಿ. ಹೋದ ವಿಮಾನಕ್ಕೆಲ್ಲಾ ಎಣ್ಣಿ ತುಂಬಿದವರೊಳಗ ನಾನೂ ಒಬ್ಬ. ನೀ ಉಂಡಿ?”

ಓಣಿ ಕೂಗಿದ ಕೂಗಿಗೆ ಹೆಂಚು ಅಲುಗಿದವು. ಇದು ಸುಳ್ಳಲ್ಲ. ಕಾಕಾ ಎದ್ದು ನಿಂತು ಫೋನಿಗೇ ಸಲ್ಯೂಟ್ ಹೊಡೆದರು. ಪಟಾಕಿ ಸಿಡಿಯಿತು, ಬೆಲ್ಲ ಹಂಚಿದರು. ಅಕ್ಕ ಅಳುತ್ತಲೇ ನಕ್ಕಳು.

“ಉಂಡೆಪ್ಪಾ. ಕುಂದಾ ಹೆಂಗಾಗಿತ್ತು?”

“ಯಾವ ಕುಂದಾ? ಇಲ್ಲಿಗೇನೂ ಬಂದಿಲ್ಲಲ್ಲ.”

“ಮುಂಜಾನೆ ಮಾಮಾಗ ಹೇಳಿದ್ಯಂತಲ್ಲೋ?”

“ಮಾಮಾಗ? ಮೂರು ದಿನದಿಂದ ನಮ್ಮ ಫೋನ್ ಜಮಾ ಇದ್ದವು. ಈಗ ಕೊಟ್ಟಾರ. ಮೊದಲನೇ ಫೋನು ನಿನಗ, ಅವ್ವಾ.”

ಇಡೀ ಓಣಿ ನನ್ನ ಕಡೆ ತಿರುಗಿತು. ಕೊರಳಲ್ಲಿ ಹಾರ, ಇಳಿಯಲು ಕಟ್ಟೆಗೆ ಒಂದೇ ಮೆಟ್ಟಿಲು, ಆ ಮೆಟ್ಟಿಲ ಮೇಲೆ ಕಾಕಾ.

“ಸುಳ್ಳಂತ ನಂಗ ಆವಾಗ್ಲೇ ಗೊತ್ತಾತು,” ಎಂದರು ಅವರು. “ನಿಮ್ಮಕ್ಕ ರೊಟ್ಟಿ ಮುರ್ಯಾಕತ್ತಿದ್ದಳು, ಬಾಯಿ ಮುಚ್ಚಿದೆ.”

ಅಕ್ಕ ಫೋನ್ ಇಟ್ಟು ನನ್ನೆದುರು ಬಂದು ನಿಂತಳು. “ಅವ ಆರಾಮ ಅದಾನಂತ ನಿನಗ ಹೆಂಗ ಗೊತ್ತಿತ್ತು?”

“ಗೊತ್ತಿರಲಿಲ್ಲ ಅಕ್ಕಾ,” ಎಂದೆ. “ದಾರ್ಯಾಗ ನಾಕು ಸಲ ಸ್ಕೂಟರ್ ನಿಲ್ಲಿಸಿದೆ. ಅವನ ನಂಬರ್ ಹಚ್ಚಿ ನೋಡಿದೆ, ಬಂದ್ ಇತ್ತು.”

ಅವಳು ಹಾರವನ್ನು ನನ್ನ ಕೊರಳಿನಿಂದ ತೆಗೆದು ಗೋಡೆಯ ಮೇಲಿದ್ದ ಕಲ್ಮೇಶನ ಫೋಟೋಕ್ಕೆ ಹಾಕಲು ಹೋದಳು. ಪ್ರಮಿಳಾ ವೈನಿ “ಅಯ್ಯ, ಫೋಟೋಕ್ಕ ಬ್ಯಾಡ್ರಿ ಯಕ್ಕಾ!” ಎಂದು ತಡೆದರು. ಹಾರ ಮತ್ತೆ ನನ್ನ ಕೊರಳಿಗೇ ಬಂತು.

“ಅದು ಇರ್ಲಿ,” ಎಂದಳು ಅಕ್ಕ. “ಕುಂದಾ ಎಲ್ಲಿ?”

ಹೇಳಿಬಿಡುತ್ತೇನೆ. ಹಿಂದಿನ ವಾರ ಕಲ್ಮೇಶನಿಗೆ ಕಳಿಸಲೆಂದು ಅಕ್ಕ ಕೊಟ್ಟ ಡಬ್ಬಿ ಹೊತ್ತು ಖಾನಾಪುರದಿಂದ ಹೊರಟವನು ಮಚ್ಛೆಯಲ್ಲಿ ರುಚಿ ನೋಡಿದೆ, ಪೀರನವಾಡಿಯಲ್ಲಿ ಅರ್ಧ ಮುಗಿಸಿದೆ, ಕೊರಿಯರ್ ಅಂಗಡಿಯ ಬಾಗಿಲಲ್ಲಿ ತಳ ಕೆರೆದೆ. ಡಬ್ಬಿಯಲ್ಲಿ ಈಗ ನನ್ನ ಸ್ಕ್ರೂಗಳಿವೆ. ವಿಮಾನಗಳು ಹಾರಿದ್ದು ಎಣ್ಣೆಯಿಂದಲೇ. ಅದನ್ನು ತುಂಬಿದವರಲ್ಲಿ ನನ್ನ ಅಳಿಯನೂ ಒಬ್ಬ.