ಪರದೆಯ ಮೂಲೆಯ ಹೆಸರು

ಸಿರುಗುಪ್ಪದಲ್ಲಿ ಜಡೆಪ್ಪನಂಥ ಚಿತ್ರಗಾರ ಇನ್ನೊಬ್ಬನಿಲ್ಲ ಎಂದು ಹೇಳುತ್ತಿದ್ದವನು ಜಡೆಪ್ಪನೊಬ್ಬನೇ. ಅಂಗಡಿ ಬೋರ್ಡು, ದೇವರ ಪಟ, ಗಾಡಿಯ ಹಲಗೆಯ ಮೇಲಿನ ನವಿಲು ಎಲ್ಲ ಬರೆಯುತ್ತಿದ್ದ. ಅದರಿಂದ ಹೊಟ್ಟೆ ತುಂಬದ್ದಕ್ಕೆ ಬಳೆ, ಕುಂಕುಮ, ಬಣ್ಣದ ಪುಡಿ ಮಾರುವ ಸಣ್ಣ ಅಂಗಡಿಯನ್ನೂ ಇಟ್ಟಿದ್ದ. ಕುರುಗೋಡಿನಲ್ಲಿ ಅಂಥದೇ ಇನ್ನೊಂದಿತ್ತು. ಅದನ್ನು ಹೆಂಡತಿ ಸುಂಕಮ್ಮ ಅಲ್ಲೇ ಇದ್ದು ನಡೆಸುತ್ತಿದ್ದಳು. ಆದರೆ ಅವನ ಜೀವವೆಲ್ಲ ಒಂದೇ ಆಸೆಯ ಮೇಲಿತ್ತು: ಊರಿನ ನಾಟಕ ಸಂಘಕ್ಕೆ ದೊಡ್ಡ ಪರದೆ ಬರೆಯಬೇಕು, ಅದರ ಮೂಲೆಯಲ್ಲಿ ತನ್ನ ಹೆಸರನ್ನು ಜನ ಓದಬೇಕು.

ಐವತ್ತೊಂದನೇ ಇಸವಿಯಲ್ಲಿ ಸಂಘದವರು ಪರದೆ ಬರೆಸಲು ಹೊರಟರು. ಕೆಲಸ ಒಪ್ಪಿಸಿದ್ದು ಬಳ್ಳಾರಿಯ ಓಬಳೇಶನಿಗೆ.

ಯಾರವನು ಓಬಳೇಶ? ಜಡೆಪ್ಪನ ಕುಂಚ ತೊಳೆದು ಕೆಲಸ ಕಲಿತವನು! ಜಡೆಪ್ಪನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಊಟ ಸೇರಲಿಲ್ಲ, ಬಳೆ ಕೇಳಲು ಬಂದ ಹೆಂಗಸರ ಮೇಲೆ ವಿನಾಕಾರಣ ಸಿಡುಕಿದ.

ಓಬಳೇಶ ಊರಿಗೆ ಬಂದವನೇ ಮೊದಲು ಅಂಗಡಿಗೆ ಬಂದು ಕಾಲಿಗೆ ಬಿದ್ದ.

"ಗುರುಗಳೇ, ಬಣ್ಣ ಕಲಸಾಕ ಅಂಟಿನ ಪುಡಿ ಬೇಕ್ರಿ. ಬಳ್ಳಾರ್ಯಾಗೂ ಸಿಗ್ತಿತ್ತು. ನಿಮ್ಮ ಕೈಲಿಂದ ಇಸ್ಕಂಡ್ರ ನನಗ ಧೈರ್ಯ."

ಆ ವಿನಯವೇ ಜಡೆಪ್ಪನನ್ನು ಇನ್ನಷ್ಟು ಸುಟ್ಟಿತು. ಹಾಳಾದವನು ಜಂಭವನ್ನಾದರೂ ತೋರಿಸಿದ್ದರೆ ಬೈದು ಕಳಿಸಬಹುದಿತ್ತು.

ಬಣ್ಣ ಬಟ್ಟೆಗೆ ಹಿಡಿಯುವುದೇ ಅಂಟಿನಿಂದ. ಒಳಗೆ ಒಂದು ಡಬ್ಬಿಯಿತ್ತು. ಕುರುಗೋಡಿನ ಅಂಗಡಿ ಸೋರಿ, ನೆನೆದು, ಮುಗ್ಗಿ ಸತ್ವ ಕಳೆದುಕೊಂಡಿದ್ದ ಅಂಟು. "ಚೆಲ್ಲಿಬಿಡ್ರಿ" ಎಂದು ಸುಂಕಮ್ಮ ಕಳಿಸಿದ್ದಳು. ಜಡೆಪ್ಪ ಅದನ್ನೇ ಕಟ್ಟಿಕೊಟ್ಟ.

"ತಗಳೋ ಓಬಳೇಶ, ಹೊಸಾ ಮಾಲು."

ಬೇರೆ ಅಂಗಡಿಯದಾಗಿದ್ದರೆ ಓಬಳೇಶ ಚಿಂದಿ ಬಟ್ಟೆಗೆ ಬಳಿದು ನೋಡುತ್ತಿದ್ದ. ಗುರು ಕೊಟ್ಟದ್ದನ್ನು ಶಿಷ್ಯ ಪರೀಕ್ಷೆ ಮಾಡುವುದುಂಟೇ? ಕಣ್ಣಿಗೊತ್ತಿಕೊಂಡು ಒಯ್ದ.

ಬರೆದು ಮುಗಿದ ಪರದೆಯ ಪೂಜೆಗೆ ಒಂದು ಮಧ್ಯಾಹ್ನ ಊರೇ ಸೇರಿತ್ತು. ಸುಂಕಮ್ಮನೂ ಕುರುಗೋಡಿನಿಂದ ಬಂದಿದ್ದಳು. ಬಿದಿರಿಗೆ ಸುತ್ತಿ ಮೇಲೆ ಕಟ್ಟಿದ್ದ ಪರದೆಯನ್ನು ಕಾಯಿ ಒಡೆದು ಇಳಿಬಿಟ್ಟರು. ಬಿಚ್ಚಿದಂತೆಲ್ಲ ಬಣ್ಣ ಪುಡಿಪುಡಿಯಾಗಿ ಉದುರಿತು. ಸರಸ್ವತಿಯ ಮುಖವಿಲ್ಲ, ವೀಣೆಯಿಲ್ಲ, ಹಂಸದ ಕತ್ತಿಲ್ಲ. ಜಡೆಪ್ಪನ ಹೊಟ್ಟೆ ತಣ್ಣಗಾಯಿತು.

ಪರದೆ ನೆಲ ಮುಟ್ಟಿತು. ಕೆಳಗಿನ ಮೂಲೆಯಲ್ಲಿ ಕೆಂಪು ಅಕ್ಷರಗಳು ಒಂದಿಷ್ಟೂ ಮುಕ್ಕಾಗದೆ ಹೊಳೆಯುತ್ತಿದ್ದವು: 'ಗುರು ಸಿರುಗುಪ್ಪದ ಜಡೆಪ್ಪನವರ ಕೃಪೆ.' ಓಬಳೇಶ ತನ್ನ ಹೆಸರನ್ನೇ ಹಾಕಿರಲಿಲ್ಲ. ಹೆಸರನ್ನು ಮಾತ್ರ ಅಂಟು ಬೇಡದ ಎಣ್ಣೆ ಬಣ್ಣದಲ್ಲಿ ಬರೆಯಬೇಕು, ಜನ್ಮದಲ್ಲಿ ಅಳಿಯುವುದಿಲ್ಲ ಎಂದು ಅವನಿಗೆ ಕಲಿಸಿದ್ದವನು ಜಡೆಪ್ಪನೇ.

"ಓಹೋ, ಇದು ಜಡೆಪ್ಪನ ವಿದ್ಯಾ!" ಎಂದು ಯಾರೋ ಕೂಗಿದರು. ನಗೆ ಎದ್ದಿತು.

"ನಮ್ಮ ಗುರುಗಳಿಗೆ ಏನೂ ಅನಬ್ಯಾಡ್ರಿ," ಓಬಳೇಶ ಜನರಿಗೆ ಕೈಮುಗಿದ. "ನಾನ ಸರಿಯಾಗಿ ಕಲೀಲಿಲ್ಲ."

ಸುಂಕಮ್ಮ ಉದುರಿದ ಪುಡಿಯನ್ನು ಚಿಟಿಕೆಯಲ್ಲೆತ್ತಿ ಮೂಸಿ ನೋಡಿದಳು. ಗಂಡನ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

"ಇದು ನಮ್ಮ ಕುರುಗೋಡು ಅಂಗಡಿ ವಾಸನಿ ಅಲ್ಲೇನ್ರಿ?"

ಜಡೆಪ್ಪ ತಲೆ ತಗ್ಗಿಸಿದ. ಹಿಂದೆ ನಿಂತವರಿಗೆ ಕಾಣದೆಂದು ಮುಂದಿನವರು ಅವನ ಹೆಸರನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು.