ಜಯದೇವಪ್ಪನ ಬ್ಯಾನರಿನಲ್ಲಿ ನನ್ನ ಮಗಳು

"ಇಷ್ಟು ನೀಟಾಗಿ ಬಂದ್ರೆ ಯಾರು ಕಣ್ಣೀರು ಹಾಕ್ತಾರಮ್ಮಾ? ಹರಕು ಲಂಗ ಒಂದೂ ಇಲ್ವಾ ನಿಮ್ಮನೇಲಿ?"

ಕ್ಯಾಮೆರಾ ಹಿಡಿದ ಕಿರಣ್‌ಕುಮಾರ್ ನನ್ನ ಮಗಳನ್ನು ಮೇಲಿಂದ ಕೆಳಗೆ ನೋಡಿ ಕೇಳಿದ. ಸರ್ಕಾರಿ ಶಾಲೆಗಳನ್ನು ಉದ್ಧಾರ ಮಾಡುವ ಸ್ವಯಂಸೇವಕ ಅಂತೆ ಇವನು. ರಶ್ಮಿತಾ ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ ನಿಂತಿದ್ದಳು. ಎಂಟನೇ ಕ್ಲಾಸು, ಹದಿಮೂರು ವರ್ಷ, ಲೆಕ್ಕದಲ್ಲಿ ಶಾಲೆಗೇ ಮೊದಲು. ಹೊಸ ಬ್ಯಾಗು ಕೊಡುವ ಫೋಟೋ ಎಂದು ಹೆಡ್‌ಮಾಸ್ಟರು ಹೇಳಿದ್ದರು. ಕರೆಸಿದ್ದು ಮಾತ್ರ ಮಿಲ್ಲಿನ ಅಂಗಳಕ್ಕೆ.

ಚಳ್ಳಕೆರೆಯ ಈ ಎಣ್ಣೆ ಮಿಲ್ಲಿನಲ್ಲಿ ಹನ್ನೊಂದು ವರ್ಷದಿಂದ ಶೇಂಗಾ ಹಸನು ಮಾಡುತ್ತಿದ್ದೇನೆ. ಧೂಳು ಕುಡಿದು ಕುಡಿದು ಎದೆ ಗೊರಗೊರ ಅನ್ನುತ್ತದೆ. ಆದರೆ ಮಗಳನ್ನು ಒಂದೇ ಒಂದು ದಿನವೂ ಆ ಗೇಟಿನೊಳಗೆ ಬಿಟ್ಟುಕೊಂಡಿರಲಿಲ್ಲ. "ನಿನ್ ಮಗಳೇನು ಡಿಸಿ ಆಗ್ತಾಳೇನೇ ಕರಿಯಕ್ಕ?" ಎಂದು ಜೊತೆಯ ಪಾಪಕ್ಕ ನಗುತ್ತಿದ್ದಳು. ಆಗಲಿ, ನಿನ್ನ ಗಂಟೇನು ಹೋಗುತ್ತೆ ಅನ್ನುತ್ತಿದ್ದೆ.

"ಮೊದ್ಲು ಕೂಲಿ ಮಾಡೋ ಫೋಟೋ, ಆಮೇಲೆ ಶಾಲೆ ಫೋಟೋ. ಪಕ್ಕಪಕ್ಕ ಹಾಕಿದ್ರೆ ಎಫೆಕ್ಟು ಬೇರೆ ಸಾರ್," ಎಂದು ಕಿರಣ್‌ಕುಮಾರ್ ಮಿಲ್ಲಿನ ಮಾಲೀಕ ಜಯದೇವಪ್ಪನಿಗೆ ವಿವರಿಸಿದ.

"ನನ್ ಮಗಳು ಕೂಲಿ ಮಾಡಿಲ್ರೀ ಧಣೇರಾ," ಅಂದೆ.

"ಮಾಡ್ದಂಗೆ ಕೂರಾಕೆ ಏನೇ ರೋಗ? ನಿಮ್ ಮುಂಡೇವ್ಕೆ ಬ್ಯಾಗು, ಬೆಂಚು ಕೊಡ್ತಿರೋನು ನಾನು. ನಾಳೆಯಿಂದ ಕೆಲ್ಸ ಬ್ಯಾಡೇನು ನಿಂಗೆ?"

ಯಾರದೋ ಹಳೇ ಲಂಗ ತಂದು ತೊಡಿಸಿದರು. ಕೈಗೆ ಮೊರ ಕೊಟ್ಟು ಸಿಪ್ಪೆಯ ರಾಶಿಯ ಮೇಲೆ ಕೂರಿಸಿದರು. ಜಯದೇವಪ್ಪ ತಾನೇ ಬಂದು ಎರಡು ಬೊಗಸೆ ಸಿಪ್ಪೆ ಎತ್ತಿ ಅವಳ ತಲೆಯ ಮೇಲೆ ಸುರಿದ. "ಈಗ ನೋಡು, ಥೇಟು ಕೂಲಿಯವಳ ಮಗಳು!" ಅಂದ. ಎಲ್ಲರೂ ನಕ್ಕರು. ರಶ್ಮಿತಾ ನನ್ನನ್ನೇ ನೋಡಿದಳು. ನಾನು ನೆಲ ನೋಡಿದೆ.

ವಾರದೊಳಗೆ ಬ್ಯಾನರುಗಳು ಎದ್ದವು. ಚಳ್ಳಕೆರೆ ಬಸ್ ಸ್ಟಾಂಡಿನಲ್ಲಿ, ಮೊಳಕಾಲ್ಮೂರಿನಲ್ಲಿ, ನಮ್ಮೂರ ಶಾಲೆಯ ಕಾಂಪೌಂಡಿನ ಮೇಲೆ. 'ನಿನ್ನೆ ನಮ್ಮ ಮಿಲ್ಲಿನಲ್ಲಿ ಕೂಲಿ, ಇಂದು ನಮ್ಮ ನೆರವಿನಿಂದ ಶಾಲೆಯಲ್ಲಿ' ಎಂದು ಬರೆದಿದೆಯಂತೆ, ಓದಿದವರು ಹೇಳಿದರು. ಎರಡೂ ಕಡೆ ನಮ್ಮ ಎಂದು ಸೇರಿಸಿದ್ದು ಜಯದೇವಪ್ಪನೇ ಅಂತೆ. ಬೇರೆ ಮಿಲ್ಲಿನವರಿಗೆ ಹೆಸರು ಹೋಗಬಾರದಲ್ಲ!

ಶಾಲೆಯಲ್ಲಿ ಹುಡುಗರು ಅವಳನ್ನು ಸಿಪ್ಪೆ ಎಂದು ಕರೆಯತೊಡಗಿದರು. ಮೂರನೇ ದಿನಕ್ಕೆ ಗೋಡೆಗೆ ಮುಖ ಮಾಡಿ ಮಲಗಿದಳು. "ನಾನಿನ್ನು ಹೋಗಲ್ಲ ಕಣವ್ವ. ಹೆಂಗೂ ಕೂಲಿಯೋಳು ಅಂತ ಬರ್ದವ್ರಲ್ಲ, ಮಿಲ್ಲಿಗೇ ಬರ್ತೀನಿ ಬಿಡು." ಜ್ವರ ಬಂದರೂ ಶಾಲೆ ತಪ್ಪಿಸದ ಹುಡುಗಿ ಅವಳು.

ಜಯದೇವಪ್ಪನ ಕಾಲು ಹಿಡಿದೆ. "ಅದನ್ನ ತೆಗ್ಸಿಬಿಡ್ರಿ ಧಣೇರಾ. ಹುಡುಗಿ ಶಾಲೆ ಬಿಟ್ಟೈತೆ."

"ಏಳೇ ಲೌಡಿ! ನಿನ್ ಮಗಳ ಮೋರೆ ಎರಡು ತಾಲ್ಲೂಕು ನೋಡ್ತೈತೆ, ಖುಷಿ ಪಡು. ಸೋಮವಾರ ಶಾಲೇಲಿ ಫಂಕ್ಷನ್ ಐತೆ. ಅವ್ಳು ಸ್ಟೇಜಿಗೆ ಬರ್ಲಿಲ್ಲ ಅಂದ್ರೆ ನೀನೂ ಈ ಕಡೆ ತಲೆ ಹಾಕಬ್ಯಾಡ."

ಹೊರಗೆ ಬಂದೆ. ಗೇಟಿನ ಪಕ್ಕ ಸರ್ಕಾರದ ಬೋರ್ಡಿತ್ತು. ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಂಡರೆ ಜೈಲು ಎಂದು ಅದರಲ್ಲಿ ಬರೆದಿರುವುದು ಕೂಲಿಯವರಿಗೆಲ್ಲ ಗೊತ್ತು. ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಆಮೇಲೆ ಪಾಪಕ್ಕನ ಮೊಬೈಲಿನಲ್ಲಿ ಬ್ಯಾನರಿನ ಫೋಟೋ ತೆಗೆಸಿಕೊಂಡು ಕಾರ್ಮಿಕ ಇಲಾಖೆಯ ಪ್ರೇಮಲತಾ ಮೇಡಂ ಹತ್ತಿರ ಹೋದೆ.

"ನಂಗೆ ಓದಾಕೆ ಬರಲ್ರೀ. ಇದ್ರಾಗೆ ಏನು ಬರ್ದೈತೆ ನೋಡ್ರಿ," ಅಂದೆ.

ಮೇಡಂ ಎರಡು ಸಲ ಓದಿದರು. ಹುಡುಗಿಯ ವಯಸ್ಸು ಕೇಳಿದರು. ಹೇಳಿದೆ. ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ.

ಸೋಮವಾರ ರಶ್ಮಿತಾಳನ್ನು ಬೇಡಿಕೊಂಡು ಶಾಲೆಗೆ ಕರೆದುಕೊಂಡು ಹೋದೆ. ಸ್ಟೇಜಿನ ಮೇಲೆ ತಲೆ ಬಗ್ಗಿಸಿ ಕೂತಳು. ಜಯದೇವಪ್ಪ ಶಾಲು ಹೊದ್ದು ಮೈಕಿನ ಮುಂದೆ ಬರುವಷ್ಟರಲ್ಲಿ ಜೀಪು ಬಂತು. ಮೇಡಂ ಒಬ್ಬ ಪೊಲೀಸಿನವನ ಜೊತೆ ಸ್ಟೇಜು ಹತ್ತಿ, ಬ್ಯಾನರಿನ ಫೋಟೋ ತೋರಿಸಿ, "ಈ ಮಗೂನ ಎಷ್ಟು ದಿನ ದುಡಿಸ್ಕೊಂಡ್ರಿ?" ಎಂದು ಕೇಳಿದರು.

ಜಯದೇವಪ್ಪ ಮೈಕು ಬಿಟ್ಟು ಹಿಂದೆ ಸರಿದ. "ಅಯ್ಯೋ, ಅದು ಸುಳ್ಳು ಮೇಡಂ! ಫೋಟೋಕ್ಕೆ ಕೂರ್ಸಿದ್ದು ಅಷ್ಟೇ!"

ನಾನು ಸ್ಟೇಜು ಹತ್ತಿದೆ. "ಅದನ್ನ ಮೈಕಿನಾಗೆ ಹೇಳು," ಅಂದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನನ್ನು ಏಕವಚನದಲ್ಲಿ ಕರೆದದ್ದು. ಏನು ಹಿತವಾಗಿತ್ತು ಅಂತೀರಿ!

ಅವನು ಪೊಲೀಸಿನವನನ್ನು ನೋಡಿದ, ಮೈಕು ಹಿಡಿದ. "ಈ ಹುಡುಗಿ... ನಮ್ ಮಿಲ್ಲಿನಾಗೆ ಯಾವತ್ತೂ ಕೂಲಿ ಮಾಡಿಲ್ಲ. ಬ್ಯಾನರು ಸುಳ್ಳು. ತಲೆ ಮೇಲೆ ಸಿಪ್ಪೆ ಸುರಿದಿದ್ದು ನಾನೇ."

ಅಂಗಳದ ಮುನ್ನೂರು ಮಕ್ಕಳು ಕೇಳಿದರು. ಅವರ ಅಪ್ಪ ಅವ್ವಂದಿರು ಕೇಳಿದರು. ರಶ್ಮಿತಾ ತಲೆ ಎತ್ತಿದಳು.

ಮೇಡಂ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ಅವರು ಹೇಳಿದ್ದು ನಿಜಾನೇನಮ್ಮ? ನೀನು ಹೂಂ ಅಂದ್ರೆ ಇಲ್ಲಿಗೆ ಮುಗೀತು."

"ಹೂಂ ಅನ್ನು ತಾಯಿ," ಎಂದು ಜಯದೇವಪ್ಪ ಕೈ ಮುಗಿದ. ಆ ಕೈಯನ್ನೇ ನೋಡಿದೆ. ಊರಿಗೆ ಗೊತ್ತಾಗಬೇಕಾದದ್ದು ಗೊತ್ತಾಗಿತ್ತು. ನನ್ನದಿನ್ನೂ ಬಾಕಿ ಇತ್ತು.

"ಜೈಲಿಗೆ ಹೆದ್ರಿ ಸುಳ್ಳು ಹೇಳ್ತಾವ್ನೆ ಮೇಡಂ. ಆರು ತಿಂಗ್ಳು ದುಡಿಸ್ಕೊಂಡವ್ನೆ ಬೋಳಿಮಗ. ಬರ್ಕೊಳ್ರಿ."

"ಏಯ್!" ಎಂದು ನುಗ್ಗಿ ಬಂದವನನ್ನು ಪೊಲೀಸಿನವನು ತಡೆದ.

"ಹೌದೇನಮ್ಮ?" ಎಂದು ಮೇಡಂ ರಶ್ಮಿತಾಳನ್ನು ಕೇಳಿದರು. ಹುಟ್ಟಿದಾಗಿನಿಂದ ಸುಳ್ಳು ಹೇಳಬೇಡ ಎಂದು ಬಡಿದು ಕಲಿಸಿದ ಮಗಳು ನನ್ನ ಮುಖ ನೋಡಿದಳು, ಅವನ ಮುಖ ನೋಡಿದಳು.

"ಹೂಂ ಮೇಡಂ. ಆರು ತಿಂಗ್ಳು," ಅಂದಳು.

ಮೇಡಂ ಬರೆದು ಹಾಳೆ ಮುಂದಿಟ್ಟರು. ಹೆಬ್ಬೆಟ್ಟಿಗೆ ಮಸಿ ಬಳಿದುಕೊಂಡು ಬಲವಾಗಿ ಒತ್ತಿದೆ.